ಮೋಡದ ದಿನದ ಕೆಲಸ

ಬಿಸಿಲಿಲ್ಲದ ದಿನವೇ ಆಗಬೇಕು ಇದು.
ಲಾತ್ವಿಯಾದಲ್ಲಿ ಅಂಥ ದಿನಗಳಿಗೇನೂ ಬರವಿಲ್ಲ, ಬಿಡಿ.
ಈ ಗಿಡದ ರಸ ಮೈಗೆ ತಾಗಿದರೆ ಸುಮ್ಮನೆ ಇರುತ್ತದೆ;
ಆಮೇಲೆ ಸೂರ್ಯ ಬಂದು ನೋಡಿದನೋ
ತಾಗಿದಲ್ಲೆಲ್ಲ ಬೊಬ್ಬೆ.

ತಮ್ಮ ವಿಸ್ವಾಲ್ದಿಸ್ ಎಂಟು ವರ್ಷದವನಿದ್ದಾಗ
ಇದರ ಪೊಳ್ಳು ದಂಟು ಕೊಯ್ದು ಊದುಗೊಳವೆ ಮಾಡಿಕೊಂಡ.
ತುಟಿಯ ಸುತ್ತ ಇವತ್ತಿಗೂ ಕಂದು ಉಂಗುರ.
ಮೀಸೆ ಬಿಟ್ಟಿದ್ದು ಅದನ್ನು ಮುಚ್ಚಲು;
ಹೆಂಡತಿಗೆ ಬೇರೇನೋ ಹೇಳಿದ್ದಾನೆ.

ಬಿತ್ತಿದವಳು ನಮ್ಮಮ್ಮನೇ.
ಕೊಲ್ಖೋಜಿನ ಮೇವಿನ ತಂಡಕ್ಕೆ ಮುಖ್ಯಸ್ಥೆ.
ಕಾಕಸಸ್ ಬೆಟ್ಟಗಳ ಬೀಜ ಮೂಟೆಯಲ್ಲಿ ಬಂತು,
ರುಜು ಹಾಕಿ ಇಳಿಸಿಕೊಂಡಳು.
ಆಳೆತ್ತರ ಅಲ್ಲ, ಎರಡಾಳೆತ್ತರ ಬೆಳೆಯಿತು.
ಹಾಲು ಹೆಚ್ಚಿತೋ ಇಲ್ಲವೋ, ವರದಿಯಲ್ಲಿ ಹೆಚ್ಚಿತು.
ಹಾಲಿಗೆ ಸೋಂಪಿನ ವಾಸನೆ ಇತ್ತಂತೆ,
ಪಟ್ಟಣದವರು ಮೂಗು ಮುರಿದರಂತೆ.
ಅಮ್ಮನಿಗೆ ಒಂದು ಪ್ರಶಸ್ತಿಪತ್ರ, ಒಂದು ಅಲಾರಂ ಗಡಿಯಾರ.
ಗಡಿಯಾರ ನನ್ನ ಬಳಿ ಇದೆ. ಹತ್ತು ನಿಮಿಷ ಮುಂದೆ ಓಡುತ್ತದೆ.

ದೇಶ ಬದಲಾಯಿತು. ಅಜ್ಜನ ಹದಿನೆಂಟು ಹೆಕ್ಟೇರು
ಪಹಣಿಯಲ್ಲಿ ಮತ್ತೆ ನಮ್ಮ ಹೆಸರಿಗೆ ಬಂತು.
ಗಿಡವೂ ಬಂತು. ಅದಕ್ಕೆ ಪಹಣಿ ಬೇಕಿರಲಿಲ್ಲ.
ಈಗ ಕಾನೂನಿದೆ: ನಿಮ್ಮ ನೆಲದ್ದನ್ನು ನೀವೇ ಕೀಳಬೇಕು.
ನೋಟೀಸು ಬರುತ್ತದೆ, ದಂಡ ಬರುತ್ತದೆ.
ಬಿತ್ತಿ ಎಂದವರ ವಿಳಾಸ ಮಾತ್ರ ಯಾರ ಬಳಿಯೂ ಇಲ್ಲ.

ಬೇಲಿಯಾಚೆ ರೀಗಾದ ಯಾವುದೋ ಕಂಪನಿಯ ಜಮೀನು.
ನರಪಿಳ್ಳೆ ಇಲ್ಲ. ಜುಲೈಯಲ್ಲಿ ಬಿಳಿ ಕೊಡೆ ಬಿಚ್ಚಿ
ಸಾವಿರ ಸಾವಿರ ಬೀಜ ಹೊತ್ತು ನಿಲ್ಲುತ್ತವೆ ಗಿಡಗಳು.
ಬಾಂದುಕಲ್ಲು ಓದಲು ಬೀಜಕ್ಕೆ ಬರುವುದಿಲ್ಲ.
ಮೂರು ಸಲ ಪತ್ರ ಬರೆದೆ.
ಮೂರನೆಯದಕ್ಕೆ ಉತ್ತರ: ನಿಮ್ಮ ಕಾಳಜಿಗೆ ವಂದನೆಗಳು.

ಹಾಗಾಗಿ ಏಪ್ರಿಲ್‌ನಲ್ಲಿ, ಎಲೆ ಅಂಗೈಯಗಲ ಇರುವಾಗಲೇ,
ರಬ್ಬರ್ ಬೂಟು, ಮೊಳಕೈವರೆಗೆ ಕೈಗವಸು, ಮಸೆದ ಗುದ್ದಲಿ.
ನೆತ್ತಿ ಕತ್ತರಿಸಿದರೆ ನಗುತ್ತದೆ ಅದು;
ಗೇಣುದ್ದ ಕೆಳಗೆ, ಬೇರಿನ ಕುತ್ತಿಗೆಗೇ ಬೀಳಬೇಕು ಏಟು.
ಮೊದಲ ವರ್ಷ ಆರುನೂರ ಹನ್ನೆರಡು ಎಣಿಸಿದೆ.
ಎರಡನೆಯ ವರ್ಷ ಒಂಬೈನೂರು ಚಿಲ್ಲರೆ.
ಮೂರನೆಯ ವರ್ಷ ಎಣಿಸುವುದನ್ನು ಬಿಟ್ಟೆ,
ಕೀಳುವುದನ್ನಲ್ಲ.

ಇಷ್ಟರಲ್ಲಿ ಸ್ಪ್ರೂಸ್ ತೋಪಿಗೆ ತೊಗಟೆಹುಳ.
ಬುಡದಲ್ಲಿ ಕಾಫಿಪುಡಿಯಂಥ ಕಂದು ಹುಡಿ,
ಸೂಜಿ ಎಲೆ ಹಸಿರಿರುವಾಗಲೇ ಉದುರುವುದು.
ಅರಣ್ಯ ಇಲಾಖೆಯ ಗುಂತಾರ್ಸ್ ಚಾಕುವಿನಲ್ಲಿ ತೊಗಟೆ ಎಬ್ಬಿಸಿ ತೋರಿಸಿದ:
ನಡುವೆ ಒಂದು ಹೆದ್ದಾರಿ, ಎರಡೂ ಪಕ್ಕ ಗಲ್ಲಿ,
ಗಲ್ಲಿಗೊಂದರಂತೆ ಬಿಳಿ ಮರಿ.
“ಒಂದು ಒಳ್ಳೆ ಮರ ಕಡಿದು ಮಲಗಿಸಿ,” ಅಂದ,
“ಗಾಳಕ್ಕೆ ಎರೆಹುಳ ಇದ್ದ ಹಾಗೆ. ಇವೆಲ್ಲ ಅದಕ್ಕೇ ಮುತ್ತುತ್ತವೆ.
ಮರಿಗೆ ರೆಕ್ಕೆ ಬಲಿಯುವ ಮೊದಲು ಸುಲಿದು ಸುಟ್ಟುಬಿಡಿ.”
ಯಾವ ಮರ?
“ನಿಮ್ಮ ಜಮೀನು, ನಿಮ್ಮ ಇಷ್ಟ.”

ಇಡೀ ಸಂಜೆ ಸಂತೆಯಲ್ಲಿ ದನ ನೋಡುವವಳ ಹಾಗೆ
ಒಂದೊಂದನ್ನೂ ಮುಟ್ಟಿ ಮುಟ್ಟಿ ಓಡಾಡಿದೆ.
ಒಂದನ್ನು ಆರಿಸಿದೆ.
ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ಆಗಸ್ಟಿನಲ್ಲಿ ಸ್ಮಶಾನದ ಹಬ್ಬ. ಊರೆಲ್ಲ ಸೇರಿ
ಗೋರಿಗಳ ಸುತ್ತ ಮರಳು ಬಾಚಿ ಗೆರೆ ಎಳೆಯುತ್ತದೆ.
ಪಾದ್ರಿ ಹೆಸರುಗಳನ್ನು ಓದುತ್ತಿದ್ದರು.
ಮಿರ್ದ್ಜಾ ಎಂದು ಅಮ್ಮನ ಹೆಸರು ಬಂದಾಗ ಕಂಡಿತು:
ತಲೆಗಲ್ಲಿನ ಹಿಂದೆ, ಬೆಗೋನಿಯಾ ಪಕ್ಕ,
ಅಂಗೈಯಗಲದ ಎಲೆ, ಅಂಚೆಲ್ಲ ಹಲ್ಲು.
ನೆತ್ತಿಯ ಮೇಲೆ ಕೆಂಡದಂಥ ಬಿಸಿಲು.
ವಿಸ್ವಾಲ್ದಿಸ್ ನನ್ನತ್ತ ನೋಡಿದ, ಮೀಸೆ ಸವರಿಕೊಂಡ.
ಈಗ ಬೇಡ, ಅಂದೆ.

ಎಲ್ಲರೂ ಹೋದರು. ಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು.
ಒಂಬತ್ತಕ್ಕೆ ಸೂರ್ಯ ಇಳಿದ.
ಕೇಕು ತಿಂದ ಚಮಚದಲ್ಲೇ ಅಗೆದೆ,
ಕೈಗೆ ಬುತ್ತಿಯ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು.
ಬೇರು ಬಂತು, ಮುಕ್ಕಾಲು.
ಕಾಲು ಭಾಗ ಅಮ್ಮನ ಬಳಿಯೇ ಉಳಿಯಿತು.
ಏಪ್ರಿಲ್‌ಗೆ ಗುದ್ದಲಿ ತರುತ್ತೇನೆ
ಅಂತ ಅವಳಿಗೆ ಹೇಳಿ ಬಂದೆ.