ಎಷ್ಟು ದಿನದ ನೋಟೀಸು

ರಾತ್ರಿ ಹನ್ನೊಂದರ ಮೇಲೆ ಎಣಿಸಬೇಕು, ಅದು ನಿಯಮ.
ಅಷ್ಟೊತ್ತಿಗೆ ಮನೆ ಇದ್ದವರು ಮನೆಯಲ್ಲಿರುತ್ತಾರೆ,
ಉಳಿದವರು ಉಳಿದಲ್ಲಿ.
ವಿಜಯಪುರದ ಸ್ಟೇಶನ್ ರಸ್ತೆಯ ಎಡಗಡೆ ನನಗೆ,
ಬಲಗಡೆ ಡ್ರಾಯಿಂಗ್ ಮಾಸ್ತರ ಹಂಚಿನಾಳರಿಗೆ.
ಒಂದು ರಟ್ಟು, ಒಂದು ಪೆನ್ನು, ಕೊರಳಿಗೆ ಗುರುತಿನ ಚೀಟಿ,
ತಲೆಗೆ ಹನ್ನೆರಡು ರೂಪಾಯಿ ಭತ್ಯೆ.
ನನ್ನ ತಲೆಗಲ್ಲ, ಅವರ ತಲೆಗೆ.

ಹೋದ ವರ್ಷ ಈ ಬಾಜೂಕ ಹತ್ತೊಂಬತ್ತು ಮಂದಿ.
ಈ ಸಲ ಬೀಜದಂಗಡಿಯ ಕಟ್ಟೆ ದಾಟುವುದರೊಳಗೇ
ಹತ್ತೊಂಬತ್ತು ಮುಗಿದು ಹಾಳೆ ತಿರುವಿದೆ.

ಕಲಂ ಏಳು: ಕೊನೆಯ ವಿಳಾಸ.
ಲಾಡ್ಲೇಸಾಬ ಗೋಣಿಚೀಲದಿಂದ ಮುಖ ಹೊರಗೆ ಹಾಕಿ
"ಬರ್ಕೋರಿ ಸರ, ಕೋಟಿಗ್ವಾಡಿ, ಮೂರನೇ ಬುರುಜು" ಅಂದ.
ಬುರುಜಿಗೆ ಮನೆ ನಂಬರಿಲ್ಲ ಅಂದೆ.
"ನಮ್ಮೂರಾಗ ಸತ್ತೋರ ಮನಿ ನೋಡ್ರಿ,
ಒಳಗ ಹೋಗಾಕ ಟಿಕೀಟ ಸೈತ ಐತಿ"
ಅಂದವನೇ ಮಗ್ಗಲು ಬದಲಿಸಿದ.

ಬ್ಯಾಂಡ್ ಕಂಪನಿಯ ಮಲಕಾಜಪ್ಪ
ತುತ್ತೂರಿ ಎದೆಗವಚಿ ಮಲಗಿದ್ದ. ಎಬ್ಬಿಸಲಿಲ್ಲ.
ವಯಸ್ಸು: ಅಂದಾಜು.

ಪುತಳಾಬಾಯಿ ಎದ್ದೇ ಕುಂತಿದ್ದಳು.
ಬಗಲಿಗೆ ಒಂದು ಕದ.
ಚೌಕಟ್ಟಿಲ್ಲ, ಗೋಡೆಯಿಲ್ಲ, ಬರೀ ಕದ,
ಬೇವಿನದು, ಅಗಳಿ ಇನ್ನೂ ಗಟ್ಟಿ.
ಕಂದಕದ ದಂಡೆಯ ಮನೆಗೆ ಜೆಸಿಬಿ ಬಾಯಿ ಹಾಕಿದಾಗ
ಇದೊಂದನ್ನು ಎಳೆದುಕೊಂಡಳಂತೆ.
ಮೊಮ್ಮಗಳು ಅದರ ಮೇಲೆ ಮಲಗಿತ್ತು, ಅಡ್ಡಡ್ಡ.
"ಹಗಲಾ ಇದಕ್ಕ ಬಾಡಿಗಿ ಬರತೈತ್ರಿ,
ಇಸ್ತ್ರಿಯಾಂವ ಟೇಬಲ್ ಮಾಡ್ಕೋತಾನ."

ಹಸಿವಾಗಿತ್ತು. ಮಿರ್ಚಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟೆ.
ಹಳೆಯ ಪೇಪರು. ಒಂದು ಚಿತ್ರ:
ಸೀಳಿ ನಿಂತ ಮಾಳಿಗೆ, ಮೂರನೇ ಅಂತಸ್ತಿನಲ್ಲಿ
ಅರ್ಧ ಹೊರಗೆ ಜೋಲುವ ಕಪಾಟು,
ಕೆಳಗೆ ಕಸಬರಿಗೆ ಹಿಡಿದ ಒಬ್ಬ ಹೆಂಗಸು.
ಎಣ್ಣೆ ಇಳಿದು ಊರಿನ ಹೆಸರು ಅಳಿಸಿತ್ತು,
ಹಿಂಬದಿಯ ಜಾಹೀರಾತು ಅವಳ ಲಂಗದ ಮೇಲೆ
ಉಲ್ಟಾ ಅಕ್ಷರದಲ್ಲಿ ಮೂಡಿತ್ತು:
ನಿವೇಶನಗಳು. ಸಾಲ ಸೌಲಭ್ಯ ಉಂಟು.

ಪುತಳಾಬಾಯಿ ಬೀದಿದೀಪಕ್ಕೆ ಹಿಡಿದು ನೋಡಿದಳು.
"ಇಷ್ಟ್ ಹಂಟಿ, ಕಲ್ಲು. ಎಲ್ಲಿಂದ ಶುರು ಮಾಡ್ತಾಳೋ ಕಸಾ ಹೊಡಿಯಾಕ.
ಯಾವೂರಾಕಿ?"
ಬೇರೆ ದೇಶದಾಕಿ. ಯುದ್ಧ ನಡೆದೈತಿ.
"ಆಕಿ ಏನ್ ಮಾಡಿದ್ಲು?"
ಏನೂ ಇಲ್ಲ. ಅಲ್ಲಿದ್ಲು.

ತುಸು ಹೊತ್ತು ಬಿಟ್ಟು ಕೇಳಿದಳು:
"ಎಷ್ಟ್ ದಿನದ ನೋಟೀಸ ಕೊಟ್ಟಿದ್ರಂತ?"

ಚಿತ್ರದ ಕೆಳಗಿನ ಸಾಲು ಇನ್ನೂ ಓದಲು ಬರುತ್ತಿತ್ತು.
ಫೋನಿಗೆ ಸಂದೇಶ ಬಂದ ಹತ್ತು ನಿಮಿಷಕ್ಕೆ, ಅಂದೆ.

ಕಚ್ಚಿದ ಮಿರ್ಚಿಯನ್ನು ಅವಳು ಕೆಳಗಿಟ್ಟಳು.
"ನಮಗ ಏಳ್ ದಿನಾ ಕೊಟ್ಟಿದ್ರವಾ"
ಅಂದದ್ದು ನನಗಲ್ಲ, ಪೇಪರಿನ ಹೆಂಗಸಿಗೆ,
ಮದುವೆಮನೆಯಲ್ಲಿ ತನ್ನ ಎಲೆಗೆ ಎರಡು ಹೋಳಿಗೆ ಬಿದ್ದು
ಪಕ್ಕದವಳಿಗೆ ಬೀಳದಿದ್ದಾಗ ಮುಜುಗರಪಡುತ್ತಾರಲ್ಲ
ಆ ದನಿಯಲ್ಲಿ.

ಆಮೇಲೆ ನನ್ನ ರಟ್ಟಿನ ಕಡೆ ಬೆರಳು ತೋರಿದಳು.
"ಈಕಿನೂ ಬರ್ಕೋರಿ."
ಹೆಸರು ಗೊತ್ತಿಲ್ಲವ್ವಾ.
"ಬ್ಯಾಂಡಿನಾಂವ್ಗ ವಯಸ್ಸ ಅಂದಾಜಿಲೆ ಬರದ್ರೆಲ್ಲ?"

ಎರಡು ಗಂಟೆಗೆ ಸರ್ಕಲ್ಲಿನಲ್ಲಿ ಹಂಚಿನಾಳ ಮಾಸ್ತರು
ನನ್ನ ಹಾಳೆ ಕೂಡಿಸಿ, ಮತ್ತೆ ಕೂಡಿಸಿ,
"ಹೆಸರು ನಲವತ್ತೊಂದು, ತಲೆ ನಲವತ್ತೆರಡು,
ಹನ್ನೆರಡು ರೂಪಾಯಿಗೆ ಆಡಿಟ್ ಬಂದೀತು" ಅಂದರು.
ಬರಲಿ ಅಂದೆನೋ, ಸುಮ್ಮನಿದ್ದೆನೋ, ನೆನಪಿಲ್ಲ.
ನಾಯಿ ಬೊಗಳುತ್ತಿದ್ದವು.

ನನ್ನದು ಹನ್ನೊಂದು ತಿಂಗಳ ಕರಾರಿನ ಮನೆ.
ಪ್ಲೈವುಡ್ ಕದ, ತಳದಲ್ಲಿ ನೀರು ಕುಡಿದು ಉಬ್ಬಿದೆ.
ಹಾಕಿಕೊಳ್ಳುವಾಗ ಅದರ ಅಗಲವನ್ನು ಕಣ್ಣಲ್ಲೇ ಅಳೆದೆ:
ಮಕ್ಕಳಿಬ್ಬರೂ ಹಿಡಿಯುವುದಿಲ್ಲ.
ಒಬ್ಬರು.