ಎರಡು ಗಂಟಿನ ದಾರ

ಬ್ರೆಡ್ಡಿನ ಖಾಲಿ ಚೀಲದಲ್ಲಿ ತಂದಿದ್ದ ಆರ್ವೋ,
ಸತ್ತ ಹಾವಿನ ಗುರುತು ಕೇಳಲು ಬಂದವನ ಹಾಗೆ.
ಕೌಂಟರಿನ ಮೇಲೆ ಸುರಿದ:
"ಕೆರ್ತು, ಇದರಷ್ಟೇ ಉದ್ದದ್ದು ಕೊಡು. ಬೇಗ."
ಹೊರಗೆ ಹ್ಯಾನ್‌ಕಾಕಿನ ಏರುರಸ್ತೆ
ಮೂರು ದಿನದಿಂದ ಹಿಮದಡಿ.
ಸರೋವರದಿಂದ ಎದ್ದು ಬಂದದ್ದು,
ನಿಲ್ಲುವ ಮಾತೇ ಇಲ್ಲ.

ಗೋಡೆಯ ತುಂಬ ಬೆಲ್ಟುಗಳು,
ಅಪ್ಪ ಹೊಡೆದ ಮೊಳೆ, ನಾನು ಬರೆದ ಚೀಟಿ.
ಒಂದನ್ನೂ ಮುಟ್ಟಲಿಲ್ಲ ನಾನು.

ಹಳೆ ಬೆಲ್ಟು ಸುಳ್ಳು ಹೇಳುತ್ತದೆ, ಆರ್ವೋ.
ಬೇಕೆಂದಲ್ಲ. ಎಂಟು ಚಳಿಗಾಲ ಎಳೆಸಿಕೊಂಡು
ಹುಟ್ಟಿದಾಗಿನ ಉದ್ದ ಮರೆತಿರುತ್ತದೆ.
ಇದನ್ನು ನಂಬಿ ಇದರಷ್ಟೇ ಕೊಟ್ಟರೆ
ಹೊಸದೂ ಮೊದಲ ದಿನವೇ ಮುದುಕ.

ನೋಡು, ಪಕ್ಕ ಸವೆದು ಗಾಜಿನಂತೆ ಹೊಳೆಯುತ್ತಿದೆ.
ಹಿಡಿತವೆಲ್ಲ ಈ ಓರೆ ಪಕ್ಕಗಳಲ್ಲಿ, ಹೊಟ್ಟೆಯಲ್ಲಲ್ಲ.
ಪಕ್ಕ ಸವೆದರೆ ರಾಟೆಯ ಕೊರಕಲಿನ ತಳ ಮುಟ್ಟುತ್ತದೆ,
ತಳ ಮುಟ್ಟಿದ್ದು ಜಾರುತ್ತದೆ, ಜಾರಿದ್ದು ಸುಡುತ್ತದೆ.
ಬೇಕಾದರೆ ಮೂಸು.
ಮೂಸಿದ. ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದ ಮೂಗು,
ಸೊಟ್ಟಗಾಯಿತು.

"ಬಸ್ಸಿನದೊಂದು ಬೆಲ್ಟು ಬಿದ್ದಿದೆ ಗ್ಯಾರೇಜಿನಲ್ಲಿ,
ಅಳತೆ ಹತ್ತಿರ ಹತ್ತಿರ."
ಹತ್ತಿರ ಹತ್ತಿರ ಎನ್ನುವುದು ಸೂಪಿನ ಉಪ್ಪಿಗೆ ಸರಿ.
ವಾಹನದ ಬೆಲ್ಟು ಹಿಡಿದರೆ ಬಿಡದು;
ಇದಕ್ಕೆ ಬಿಡುವುದೂ ಬರಬೇಕು.
ಹಿಡಿಕೆ ಬಿಟ್ಟೊಡನೆ ಸಡಿಲಬೇಕು, ಅಲಗು ನಿಲ್ಲಬೇಕು,
ಅದಕ್ಕೇ ಮೈಗೆಲ್ಲ ಬಟ್ಟೆ ಸುತ್ತಿದ್ದು.
ಬಿಡಲು ಬಾರದ ಬೆಲ್ಟಿನಿಂದ
ಲಾಸ್ಸೆಯ ಎರಡು ಬೆರಳು ಹೋದದ್ದು ನೆನಪಿಲ್ಲವೆ?

ಮೀನಿನ ಬಲೆ ಹೆಣೆವ ದಾರ
ನಾಲ್ಕು ಮೊಳ ಕತ್ತರಿಸಿ ಕೊಟ್ಟೆ, ಎಳೆದರೆ ಹಿಗ್ಗದ ಜಾತಿ.
ಮೊದಲು ಪ್ಲಗ್ಗಿನ ವೈರು ಕಳಚು.
ಸ್ಪ್ರಿಂಗಿನ ಪುಟ್ಟ ರಾಟೆ ಸಡಿಲ ಬಿಡು.
ಮೇಲಿನದು ಕೆಳಗಿನದು ಎರಡನ್ನೂ ಬಳಸಿ ಸುತ್ತು,
ಅಂಚಿನ ಮಟ್ಟಕ್ಕೆ, ತಳಕ್ಕಲ್ಲ.
ಕೂಡಿದಲ್ಲಿ ಗಂಟು.
ಬೆರಳು ಮರಗಟ್ಟಿದರೆ ಒಳಗೆ ಹೋಗಿ ಕಾಫಿ ಕುಡಿ,
ಅಂದಾಜು ಮಾತ್ರ ಮಾಡಬೇಡ.

ಗೊಣಗುತ್ತ ಹೋದ.
ದೀಪ ಹಚ್ಚುವ ಹೊತ್ತಿಗೆ ಬಂದು ದಾರ ಚಾಚಿದ.
ಹಳೆ ಬೆಲ್ಟು ಹೇಳಿದ್ದು ಮೂವತ್ತೆಂಟೂ ಮುಕ್ಕಾಲು ಇಂಚು,
ದಾರದ ಗಂಟು ಮೂವತ್ತೇಳೂವರೆಗೆ.
ಇನ್ನೊಂದು ಗಂಟು ನಲವತ್ತೊಂದಕ್ಕೆ.

ತಲೆಯೆತ್ತಿದೆ. ಅವನು ಮೊಳೆ ಎಣಿಸುತ್ತಿದ್ದ.
"ಎದುರು ಮನೆಯದು" ಎಂದ, ಗೋಡೆಗೆ.

ಎದುರು ಮನೆ ಎಂದರೆ ಇಂಪಿ.
ಹನ್ನೊಂದು ವರ್ಷದ ಹಿಂದೆ ಇವನ ಯಂತ್ರ ಉಗುಳಿದ ಹಿಮ
ಅವಳ ಅಂಗಳಕ್ಕೆ ಬಿತ್ತು,
ಮರುದಿನ ಅವಳದು ಇವನ ಅಂಗಳಕ್ಕೆ.
ಅಲ್ಲಿಗೆ ಮಾತು ನಿಂತಿತು.
ಇಗರ್ಜಿಯಲ್ಲೂ ಬೇರೆ ಬೇರೆ ಬೆಂಚು.
ನಾನು ಕೇಳಲಿಲ್ಲ ಟಾರ್ಚು ಹಿಡಿದವರು ಯಾರೆಂದು,
ದಾರದ ಇನ್ನೊಂದು ತುದಿ
ಯಾರ ಬೆರಳಲ್ಲಿತ್ತೆಂದು.
ಅಗಲ? ಎಂದೆ, ಅಷ್ಟೆ.
"ನನ್ನದರಷ್ಟೇ, ಅರ್ಧ ಇಂಚು."
ಎರಡು ಮೊಳೆಯಿಂದ ಎರಡು ಇಳಿಸಿದೆ.
ಚಿಲ್ಲರೆಯನ್ನೂ ದಾರವನ್ನೂ ಮರೆತು ಹೋದ.

ನಾಲ್ಕನೆಯ ದಿನ ಬಾಗಿಲಲ್ಲಿ ಬೂಟು ಕುಟ್ಟಿದ ಸದ್ದು.
ಇಂಪಿ, ಬೆಲ್ಟು ಕುಕ್ಕಿ:
"ಉದ್ದ ಸರಿ. ಅಗಲ ತಪ್ಪು.
ಕೊರಕಲಿನ ಮೇಲೆ ಕಾವು ಕೂತ ಕೋಳಿ, ಒಳಗಿಳಿಯದು.
ಇಂಚನ್ನು ಎಂಟು ಮಾಡಿದರೆ ಮೂರು ಪಾಲು ನನ್ನದು.
ಬೆಳಗಿನಿಂದ ಬಡಿದುಕೊಳ್ಳುತ್ತಿದ್ದೇನೆ
ಆ ಮುದುಕನ ಹತ್ತಿರ."

ಚೀಟಿ ಓದುವ ನೆಪದಲ್ಲಿ
ಗೋಡೆಗೆ ತಿರುಗಿ ನಿಂತೆ, ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು.

ಸಣ್ಣದು ಕೊಟ್ಟೆ. ಬೆರಳಲ್ಲಿ ಓರೆ ಪಕ್ಕ ಸವರಿ
ಜೇಬಿಗಿಳಿಸಿದಳು. ಹೊರಡಲಿಲ್ಲ.
"ಆ ದಾರ ಇದೆಯಾ?"
ಯಾಕೆ, ಅಳತೆ ಬರೆದಿಟ್ಟಿದ್ದೇನಲ್ಲ.
"ಚಕ್ರದ ಕಡೆಗೂ ಒಂದು ಬೆಲ್ಟಿದೆ," ಎಂದಳು,
ಕೈಗವಸು ಹಾಕಿಕೊಳ್ಳುತ್ತ.
"ಅದನ್ನಿನ್ನೂ ಅಳೆದಿಲ್ಲ."