ಚೇಳಿಗೆ ಪಾರುಪತ್ಯ

ಬಾಗೇಪಲ್ಲಿ ಆಸ್ಪತ್ರೆ, ರಾತ್ರಿ ಹತ್ತೂ ಮುಕ್ಕಾಲು.
ಕಲ್ಲು ಕ್ವಾರಿಯ ಬೈಟಪ್ಪ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ
ಮಗಳನ್ನು. ಬಾಯಲ್ಲಿ ಒಂದೇ ಮಾತು: "ತೇಲು, ಸಾರ್, ತೇಲು."
ನಾನು ಸಾರ್ ಅಲ್ಲ. ಆ ಹೊತ್ತಿಗೆ ಮೇಡಮ್ಮೂ ಅಲ್ಲ,
ಇಂಟರ್ನ್‌ಶಿಪ್ಪಿನ ನಲವತ್ತನೆಯ ದಿನ.

ಮಗುವಿನ ಅಂಗೈ ತಣ್ಣಗೆ. ಹಣೆಯ ಬೆವರು
ಒರೆಸಿದಷ್ಟೂ ಮತ್ತೆ. ನಾಡಿ ಹಿಡಿದರೆ
ನನ್ನ ಎಣಿಕೆಗಿಂತ ಮುಂದೆ ಓಡುವ ನಾಡಿ.
ಫೋನು ತೆಗೆದೆ.

ನಾಲ್ಕೂ ಮುಕ್ಕಾಲು ನಕ್ಷತ್ರದ ಆ್ಯಪ್,
ಪರೀಕ್ಷೆಯ ಹಿಂದಿನ ರಾತ್ರಿಗಳನ್ನು ದಾಟಿಸಿದ ದೋಣಿ.
ತಿಳಿನೀಲಿ ಚೌಕದಲ್ಲಿ ತುಂಬ ಸಮಾಧಾನವಾಗಿ ಹೇಳಿತು:
ಚೇಳಿನ ಕಡಿತ ಬಹುಪಾಲು ನಿರಪಾಯ.
ಐಸ್ ಇಡಿ. ನೋವಿಗೆ ಮಾತ್ರೆ. ಮನೆಗೆ ಕಳಿಸಿ.

ಯಾವ ಊರಿನ ಚೇಳಪ್ಪ ಅದು?
ಇಲ್ಲಿ ಬಂಡೆಯಡಿ ಬಿಸಿಲು ಕುಡಿದು ಕೂತು
ನೇರ ಗುಂಡಿಗೆಗೇ ಕೈಹಾಕುವ
ನಮ್ಮ ಕೆಂಚನ ಗುರುತೇ ಅದಕ್ಕಿಲ್ಲ.

ಕೆಳಗೊಂದು ಲೆಕ್ಕದ ಪೆಟ್ಟಿಗೆ: ತೂಕ ಹಾಕಿ.
ಹನ್ನೊಂದು ಎಂದು ಒತ್ತಿದೆ. ಮೂಲೆಯಲ್ಲಿ
ಇರುವೆಯಷ್ಟು ಅಕ್ಷರ: ಪೌಂಡು.
ಮಗು ಅಲ್ಲಿ ಐದು ಕೆ.ಜಿ.ಯಾಗಿ ಕುಗ್ಗಿ ಕೂತಿತ್ತು.
ಮಿಕ್ಕ ಆರು ಕೆ.ಜಿ. ಎದುರಿನ ಮಂಚದಲ್ಲಿ ನಡುಗುತ್ತಿತ್ತು.

ಸಿಸ್ಟರ್ ಮುನಿರತ್ನಮ್ಮ ಆಗಲೇ ಕಪಾಟು ತೆಗೆದು
ಪ್ರಾಝೋಸಿನ್ ಹುಡುಕುತ್ತಿದ್ದರು.
"ಚೇಳಿಗೆ ಪಾರುಪತ್ಯ ಕೊಟ್ಟರೆ ಮನೆಮಂದಿಗೆಲ್ಲ ಕುಟುಕಿತಂತೆ"
ಎಂದರು, ನನ್ನ ಫೋನಿನತ್ತ ಗದ್ದ ತೋರಿಸಿ.
ಡಾಕ್ಟರ್ ಖುತೇಜಾ ಬಂದರು, ಚಪ್ಪಲಿ ಅದಲುಬದಲಾಗಿ.
ಕೇಸ್‌ಶೀಟಿನ ಅಂಚಲ್ಲಿ ಲೆಕ್ಕ ಹಾಕಿ,
ಇನ್ನೊಮ್ಮೆ ಹಾಕಿ, ನನ್ನ ಕೈಲೂ ಹಾಕಿಸಿ,
ಮೂರೂ ಒಂದೇ ಬಂದ ಮೇಲೆ ಕೊಟ್ಟರು.

ನಾಲ್ಕು ಗಂಟೆಗೆ ಅಂಗೈ ಬೆಚ್ಚಗಾಯಿತು.

ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಆ್ಯಪನ್ನು ವಿಚಾರಿಸಿದೆ,
ವಾರ್ಡಿನಲ್ಲಿ ರೋಗಿಯನ್ನು ವಿಚಾರಿಸುವ ಹಾಗೆ.
ಬರೆದವರು? ತಜ್ಞರ ತಂಡ. ತಜ್ಞರಿಗೆ ಹೆಸರಿರಲಿಲ್ಲ.
ಕೊನೆಯ ತಿದ್ದುಪಡಿ? ಆರು ವರ್ಷದ ಹಿಂದೆ,
ನಾನಾಗ ಪಿಯುಸಿ, ಕಪ್ಪೆ ಕೊಯ್ಯಲು ಹೆದರುತ್ತಿದ್ದೆ.
ಯಾವ ಆಧಾರದಿಂದ ಹೇಳಿದೆ?
ಮೌನ. ಆಮೇಲೊಂದು ಟೂತ್‌ಪೇಸ್ಟಿನ ಜಾಹೀರಾತು.
ನಕ್ಷತ್ರ ಕೊಟ್ಟವರು? ಸೂಪರ್ ಎಂದವರು, ಬಣ್ಣ ಚೆನ್ನಾಗಿದೆ ಎಂದವರು,
ನೆಟ್ ಇಲ್ಲದೆಯೂ ನಡೆಯುತ್ತೆ ಎಂದವರು, ನಾನು.
ಹೌದು, ನಾನೂ. ಐದಕ್ಕೆ ಐದು.

ಒಂದು ನಕ್ಷತ್ರವಾದರೂ ವಾಪಸು ತೆಗೆಯೋಣವೆಂದು
ಬೆರಳೆತ್ತಿದಾಗ ಬೈಟಪ್ಪ ಬಂದು ಪಕ್ಕದಲ್ಲಿ ನಿಂತ.
ಕಣ್ಣು ಕೆಂಪು, ಕೈಯಲ್ಲಿ ಗಾಜು ಸೀಳಿದ ಫೋನು.
"ರಾತ್ರಿ ಅದರಲ್ಲಿ ನೋಡಿಯೇ ಅಲ್ಲವಾ ಉಳಿಸಿದ್ದು?
ನನಗೂ ಅದನ್ನ ಹಾಕ್ಕೊಡಿ, ಮೇಡಂ.
ಕ್ವಾರಿ ತುಂಬ ತೇಲು."